ಮಸಿ ಮಡಕೆಯ ಊ ಫೋ ಖೈಂಗ್

ಬರ್ಮಾದ ಬಗಾನಿನ ಹಳೆಯ ವಿಹಾರದ ಅಗೆತ ನೋಡಲು ರಾಜಧಾನಿಯಿಂದ ಮೇಲಧಿಕಾರಿ ಬಂದ ದಿನವೇ, ಸಹಾಯಕ ನ್ಯೇನ್ ಜೊ ಬಗ್ಗಿ ದಾರಿ ಬಿಡುವ ಭರದಲ್ಲಿ ಹಿಂದೆ ಸರಿದು, ಒಣಗಲು ಹರಡಿದ್ದ ಮಡಕೆಚೂರುಗಳ ಮೇಲೆ ಕುಕ್ಕರಿಸಿಬಿಟ್ಟ. "ಏಳಪ್ಪಾ, ಅದು ಒಡೆದು ಎಂಟುನೂರು ವರ್ಷ ಆಯ್ತು, ಮತ್ಯಾಕೆ ಒಡೀತೀಯ?" ಎಂದವರು ಅಗೆತದ ಮುಖ್ಯಸ್ಥ ಊ ಫೋ ಖೈಂಗ್. ಎಲ್ಲ ಅಗೆತದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬುದ್ಧನ ವಿಗ್ರಹ ಸಿಕ್ಕಿತೆಂದರೆ "ಹೌದಾ, ಒಳಗಿಡಿ" ಎನ್ನುತ್ತಾರೆ. ಮಸಿ ಹಿಡಿದ ಮಡಕೆಯ ತಳ ಸಿಕ್ಕಿತೋ, ಬಾಯಲ್ಲಿದ್ದ ಚುಟ್ಟಾ ತೆಗೆದು, ಮೂಸಿ, "ಮೀನು ಬೇಯಿಸಿದಾರೆ ಕಣಯ್ಯಾ" ಎಂದು ಬಾಯಿ ಚಪ್ಪರಿಸುತ್ತಾರೆ. ನೂಲುವ ಕದಿರಿನ ಮಣ್ಣುಬಿಲ್ಲೆಯನ್ನು ಜೇಬಿನಲ್ಲೇ ಮರೆತು ಮನೆಗೊಯ್ದು ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ಭಿಕ್ಷುಗಳು ಬೇಡಿ ಉಣ್ಣುವವರು, ಒಲೆ ಹಚ್ಚುವವರಲ್ಲ. ಆದ್ದರಿಂದ ಈ ಒಲೆ, ಈ ಕದಿರು ಎಲ್ಲವೂ ರಾಜರು ವಿಹಾರಕ್ಕೆ ದಾನವಾಗಿ ಕೊಟ್ಟ ಆಳುಗಳದ್ದು ಎಂಬುದು ಅವರ ವಾದ. ಆ ಆಳುಗಳ ವಂಶವೆಂದರೆ ಹೆಣ್ಣು ಕೊಡುವವರು ಇವತ್ತಿಗೂ ಹಿಂದೆಮುಂದೆ ನೋಡುತ್ತಾರೆ, ಹಾಗಾಗಿ ತಾವು ಅದೇ ವಂಶವೆಂದು ಯಾರೂ ಬಾಯಿಬಿಡುವುದಿಲ್ಲ. ಅಂಥ ಒಬ್ಬರನ್ನೂ ತಾನು ಕಂಡಿಲ್ಲವೆಂದೇ ನ್ಯೇನ್ ಜೊ ತಿಳಿದಿದ್ದ. ಅಧಿಕಾರಿ ತಂದಿದ್ದ ಫಲಕದ ಮೇಲೆ 'ಭಿಕ್ಷುಗಳ ಅಡುಗೆಮನೆ' ಎಂದಿತ್ತು. "ಆಳುಗಳ ಅಡುಗೆಮನೆ ಅಂತಾಗ್ಬೇಕು, ಇಲ್ದಿದ್ರೆ ಈ ಫಲಕ ವಾಪಸ್ ತಗೊಂಡ್ಹೋಗಿ" ಎಂದು ಊ ಫೋ ಖೈಂಗ್ ಪಟ್ಟು ಹಿಡಿದರು. "ಅಲ್ಲ ಗುರುಗಳೇ, ಹಂಗೆ ಬರೆದ್ರೆ ಆ ವಂಶದವರ ಮನಸ್ಸಿಗೆ ನೋವಾಗಲ್ವಾ?" ಎಂದು ಅಧಿಕಾರಿ ಕೇಳಿದರು. ಊ ಫೋ ಖೈಂಗ್ ಅಂಗೈಯ ಮಣ್ಣು ಕೊಡವಿಕೊಂಡು ಹೇಳಿದರು: "ಇಲ್ಲ ಸಾರ್. ನಿನ್ನೆ ಊಟಕ್ಕೆ ಕೂತಾಗ ನಮ್ಮನೇಲಿ ಎಲ್ರನ್ನೂ ಕೇಳ್ದೆ."