ಒಬ್ಬೊಬ್ಬರಾಗಿ ಬನ್ನಿ ಎಂದವರು

ಒಂದಾನೊಂದು ಊರಿನಲ್ಲಿ ಹಗಲಿರುಳೂ ತಿರುಗುವ ಗಿರಣಿಯೊಂದಿತ್ತಂತೆ. ಅದನ್ನು ನಿಲ್ಲಿಸಿದವನಿಗೆ ಅರ್ಧ ರಾಜ್ಯವೆಂದು ರಾಜ ಡಂಗುರ ಸಾರಿಸಿದ. ಒಬ್ಬ ಬಂದು ನಿಲ್ಲಿಸಿಯೂ ಬಿಟ್ಟ. ಊರೆಲ್ಲ ಜೈಕಾರ ಹಾಕುತ್ತಿರುವಾಗ ಒಬ್ಬ ಮುದುಕಿ ಮಾತ್ರ, "ಅಲ್ಲಪ್ಪಾ, ನಿಲ್ಲಿಸಿದ್ದು ನೀನೊಬ್ಬನೇನಾ, ಇಲ್ಲಾ ನಿನ್ನ ಗುಂಪೆಲ್ಲ ನುಗ್ಗಿ ಚಕ್ರಕ್ಕೆ ಜೋತುಬಿದ್ದಿತ್ತಾ? ಎಲ್ಲಿ, ಒಬ್ಬೊಬ್ಬರಾಗಿ ಬನ್ನಿ ನೋಡೋಣ" ಅಂದಳಂತೆ. ಈ ಕಥೆ ಹೇಳುತ್ತಿದ್ದ ನನ್ನಜ್ಜಿಗೆ ಪ್ರತಿಸಲವೂ ಸರಿಯಾಗಿ ಇಲ್ಲಿಗೆ ಬರುವಾಗ ನಿದ್ದೆ ಹತ್ತುತ್ತಿತ್ತು. ಮುದುಕಿಯ ಮಾತನ್ನು ಯಾರಾದರೂ ಕೇಳಿದರೇ ಎಂಬುದು ನನಗೆ ತಿಳಿಯಲೇ ಇಲ್ಲ.

ಆ ಮುದುಕಿಯನ್ನು ಕಣ್ಣಾರೆ ಕಂಡದ್ದು ನಮ್ಮ ಸಂಸ್ಥೆಯ ಎರಡನೆಯ ಮಹಡಿಯಲ್ಲಿ, ಸದಾ ಗೊರಗುಟ್ಟುವ ಹಳೆಯ ಫ್ರಿಜ್ಜಿನ ಪಕ್ಕದಲ್ಲಿ. ಸಾವಿರಾರು ಅಣುಗಳನ್ನು ಜರಡಿ ಹಿಡಿದು, ಕಿಣ್ವವೊಂದರ ಕೆಲಸವನ್ನು ತಡೆಯಬಲ್ಲ ಒಂದನ್ನು ಹೆಕ್ಕಿ ತೆಗೆಯುವ ವಿದ್ಯೆಯಲ್ಲಿ ಹಿರಿಯರೆನಿಸಿ, ಇದೀಗ ನಿವೃತ್ತರಾಗುತ್ತಿರುವ ನನ್ನ ಗುರುಗಳಾದ ಮೇಡಂ ಅವರೇ ಆಕೆ.

ಈ ಅಭಿನಂದನಾ ಗ್ರಂಥದ ಸಮಿತಿಯವರು ನನಗೆ ಹೇಳಿದ್ದು, "ಅವರ ತಾಯಿಹೃದಯದ ಬಗ್ಗೆ ಬರಿಯಮ್ಮಾ, ಓದಿದೋರ ಕಣ್ಣು ಒದ್ದೆಯಾಗಬೇಕು" ಎಂದು. ಕ್ಷಮಿಸಬೇಕು. ಮೂವತ್ತು ವರ್ಷ ಪಿಪೆಟ್ ಹಿಡಿದವರನ್ನು ಬೀಳ್ಕೊಡಲು ನಮಗೆ ಸಿಕ್ಕಿದ ಮಾತು ತಾಯಿಹೃದಯ ಮಾತ್ರವೇ? ಅವರ ತಲೆಯೊಳಗಿದ್ದುದರ ಬಗ್ಗೆ ಯಾರು ಬರೆಯಬೇಕು?

ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ತಡೆಯುವ ಅಣುವೊಂದು ಸಿಕ್ಕಿತೆಂದು ನಮ್ಮ ಸಂಸ್ಥೆ ಕೆಲವು ವರ್ಷಗಳ ಹಿಂದೆ ಘೋಷಿಸಿತು. ಸಕ್ಕರೆ ಕಾಯಿಲೆಗೆ ಮದ್ದು ಬಂತೆಂದು ಮುಂಬಾಗಿಲಲ್ಲಿ ಆಳೆತ್ತರದ ಚಿತ್ರವೂ ತೂಗಿತು. ಮೇಡಂ ಸಭೆಯಲ್ಲಿ ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಮಾರ್ಜಕ ಹಾಕಿ ನೋಡಿದಿರಾ?" ಕೆಲವು ಅಣುಗಳು ನೀರಿನಲ್ಲಿ ಕರಗದೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಕಿಣ್ವ ಆ ಮುದ್ದೆಗೆ ಸಿಕ್ಕಿಕೊಂಡು ಕೈಕಟ್ಟಿ ಕೂರುತ್ತದೆ. ನೋಡಿದವರಿಗೆ ಅಣುವೇ ತಡೆದಂತೆ ಕಾಣುತ್ತದೆ. ಸೋಪಿನ ಜಾತಿಯ ಮಾರ್ಜಕ ಒಂದಿಷ್ಟು ಬಿದ್ದರೆ ಮುದ್ದೆ ಬಿಚ್ಚಿ ಅಣುಗಳು ಒಂದೊಂದಾಗುತ್ತವೆ, ನಿಜ ಹೊರಬೀಳುತ್ತದೆ. ಒಂದು ಬೆಳಗಿನ ಕೆಲಸ, ಅಷ್ಟೇ.

ಆ ಒಂದು ಬೆಳಗು ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು 'ಸೋಪಮ್ಮ' ಎಂಬ ಅಡ್ಡಹೆಸರು. "ಪಾತ್ರೆ ತೊಳೆಯೋ ಅಭ್ಯಾಸ ಲ್ಯಾಬಿಗೂ ತಂದುಬಿಟ್ಟಿದ್ದಾರೆ" ಎಂದು ವಿದ್ವಾಂಸರೊಬ್ಬರು ನಕ್ಕರು. ಉಳಿದವರು ಚಹಾ ಕುಡಿಯುತ್ತಾ ನಕ್ಕರು. ನಿರ್ದೇಶಕರು, "ನೀವು ರಿಟೈರ್ ಆಗೋದ್ರೊಳಗೆ ಮಾಡ್ಸೋಣ ಬಿಡಿ ಮೇಡಂ, ಮಾತು ಕೊಟ್ಟಿದ್ದೀನಲ್ಲ" ಎಂದರು. ಮರುವಾರವೇ ಮೇಡಂ ಅವರನ್ನು ಆ ಕೆಲಸದಿಂದ ಬಿಡಿಸಿ, ಹೊಸಬರಿಗೆ ಬಫರ್ ದ್ರಾವಣ ಬೆರೆಸುವುದನ್ನು ಕಲಿಸಲು ಹಾಕಿದರು.

ಹಾಗೆ ಅವರ ಕೈಗೆ ಸಿಕ್ಕಿದ ಹೊಸಬಳು ನಾನು. ಎಷ್ಟೋ ತಿಂಗಳು ಜೋಪಾನ ಮಾಡಿದ್ದ ನನ್ನ ಮೊದಲ ಅಣು ಅದೇ ಮಾರ್ಜಕಕ್ಕೆ ಸೋತ ದಿನ, ಮೂಲೆಯ ಸಿಂಕಿನ ಬಳಿ ಅಳುತ್ತಾ ಕೂತಿದ್ದೆ. ಮೇಡಂ ಪಕ್ಕಕ್ಕೊಂದು ಸ್ಟೂಲು ಎಳೆದುಕೊಂಡು ಕೂತು, "ಸತ್ತಿದ್ದು ನಿನ್ನ ಕೆಲಸ ಅಲ್ಲ ಕಣೇ, ಒಂದು ಸುಳ್ಳು. ಅದಕ್ಕೆಲ್ಲ ಯಾರಾದ್ರೂ ಉಪವಾಸ ಕೂರ್ತಾರಾ? ಏಳು, ಊಟ ಮಾಡು" ಎಂದು ತಮ್ಮ ಡಬ್ಬಿಯನ್ನೇ ಬಿಚ್ಚಿದರು. ತಾಯಿಹೃದಯ ಬೇಕೆಂದವರು ಇಷ್ಟನ್ನು ಇಟ್ಟುಕೊಳ್ಳಲಿ.

ಅತ್ತ ಸಂಸ್ಥೆ ಘೋಷಿಸಿದ್ದ ಆ ಅಣು ಮುಂದಕ್ಕೆ ಹೋಗುತ್ತಲೇ ಇತ್ತು. ಈ ವರ್ಷ ಅದನ್ನು ರೋಗಿಗಳಿಗೇ ಕೊಟ್ಟು ನೋಡುವುದೆಂದು ತೀರ್ಮಾನವಾಯಿತು. ಕೆಲಸ ಮಾಡದ ಮದ್ದನ್ನು ನಂಬಿ ಯಾರದೋ ಅಪ್ಪ, ಯಾರದೋ ಅಕ್ಕ ಮೋಸಹೋಗುವುದನ್ನು ನೆನೆದು ಮೇಡಂ ಮಂಕಾದರು. ಆ ಹೊತ್ತಿಗೆ ನಿರ್ದೇಶಕರು ನಗುನಗುತ್ತಾ ಬಂದು ಸನ್ಮಾನಕ್ಕೆ ತಾರೀಕು ಕೇಳಿದರು.

"ಮೊದಲು ಆ ಪರೀಕ್ಷೆ ಆಗಲಿ. ಅಲ್ಲೀವರೆಗೆ ನಾನು ವೇದಿಕೆ ಹತ್ತಲ್ಲ."

"ಈಗ್ಯಾಕೆ ಮೇಡಂ ಅದೆಲ್ಲ..."

"ಮಾತು ನಿಮ್ದು ಸರ್, ನಂದಲ್ಲ."

ಸಭಾಂಗಣ ನೋಡಿಟ್ಟಾಗಿತ್ತು, ಅತಿಥಿಗಳು ಒಪ್ಪಿದ್ದರು, ಬಾಕಿಯಿದ್ದದ್ದು ಮೇಡಂ ಕೊಡಬೇಕಾದ ತಾರೀಕು ಮಾತ್ರ. ಸತ್ಯಕ್ಕೆ ಬಗ್ಗದವರು ಸಮಾರಂಭಕ್ಕೆ ಬಗ್ಗಿ ಪರೀಕ್ಷೆಗೆ ಒಪ್ಪಿದರು! ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊನ್ನೆ ಬೆಳಿಗ್ಗೆ ಎಲ್ಲರೂ ಫ್ರಿಜ್ಜಿನ ಸುತ್ತ ಸೇರಿದೆವು. ಮೇಡಂ ಪಿಪೆಟ್ಟನ್ನು ನಿರ್ದೇಶಕರ ಕೈಗೇ ಕೊಟ್ಟರು. "ನೀವೇ ಹಾಕಿ ಸರ್. ಆಮೇಲೆ ಸೋಪಮ್ಮ ಕೈಚಳಕ ತೋರಿಸಿದ್ಲು ಅನ್ನೋದು ಬೇಡ." ಅವರು ತಟ್ಟೆಯ ಸಣ್ಣ ಗುಳಿಗಳಿಗೆ ಒಂದೊಂದಾಗಿ ಮಾರ್ಜಕ ಹಾಕಿದರು. ಕಿಣ್ವ ದುಡಿದರೆ ಗುಳಿಯ ನೀರು ಹಳದಿಯಾಗಬೇಕು. ತಡೆದರೆ ತಿಳಿಯಾಗಿಯೇ ಉಳಿಯಬೇಕು. ತಡೆಯುವುದೆಂದು ಮೊದಲೇ ಗೊತ್ತಿದ್ದ ಹಳೆಯ ಮದ್ದಿನ ಸಾಲು, ಮಾರ್ಜಕ ಬಿದ್ದರೂ ತಿಳಿಯಾಗಿಯೇ ಉಳಿಯಿತು. ಪಕ್ಕದಲ್ಲಿ, ಮುಂಬಾಗಿಲ ಚಿತ್ರದ ಅಣುವಿನ ಸಾಲು ಒಂದೊಂದೇ ಗುಳಿಯಾಗಿ ಹಳದಿಗೆ ತಿರುಗಿತು. ನಕ್ಕಿದ್ದ ವಿದ್ವಾಂಸರು ತಮ್ಮ ಕನ್ನಡಕ ಒರೆಸಿಕೊಂಡರು.

ಮೇಡಂ ಅವರ ಆಯುಸ್ಸು, ಆ ಕಣ್ಣಿನ ಚುರುಕು, ಎಲ್ಲಕ್ಕಿಂತ ಹೆಚ್ಚಾಗಿ ಆ ತಕರಾರು ಬಹುಕಾಲ ಗಟ್ಟಿಯಾಗಿರಲಿ. ಅವರ ಸ್ಟೂಲನ್ನು ಯಾರೂ ಕದಲಿಸದಿರಲಿ.

ನಿರ್ದೇಶಕರು ಅಲ್ಲೇ ನಿಂತು ಫೋನು ಮಾಡಿ, ರೋಗಿಗಳಿಗೆ ಆ ಅಣುವನ್ನು ಕೊಡಬಾರದೆಂದು ಹೇಳಿದರು. ಆ ಮಾತು ಪೂರ್ತಿ ಮುಗಿಯುವವರೆಗೂ ಮೇಡಂ ಕಾದರು. ಆಮೇಲೆ ಕೈಗವಸು ಕಳಚುತ್ತಾ ಅಂದರು: "ಹೂಂ, ಈಗ ತಾರೀಕು ಬರ್ಕೊಳ್ಳಿ."