ಹಲ್ಲಿನ ಡಾಕ್ಟರರ ಶನಿವಾರ

ಹೋದ ವಾರ ದವಡೆ ಹಲ್ಲು ನೋಯುತ್ತದೆಂದು ಮೊಮ್ಮಗಳು ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಬಾಯಿಗಿಟ್ಟಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹಲ್ಲಿನ ಡಾಕ್ಟರರು ಎದುರಿಗೆ ಬಂದು ನಿಂತರು...

ಅವರು ಹಂಗೇರಿ ದೇಶದವರು. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಜಹಗೀರಿನ ದೊಡ್ಡವರೊಬ್ಬರ ಒಂದು ಹಲ್ಲು ಕೀಳಲು ಹೈದರಾಬಾದಿನಿಂದ ಬಂದವರು ಆರೇಳು ವರ್ಷ ಇಲ್ಲೇ ಉಳಿದುಬಿಟ್ಟರು. ನಾನಾಗ ಹೊಸ ಸೊಸೆ. ನಮ್ಮ ಅತ್ತೆಗೋ, ನೆರೆಯವರ ಕುಲಗೋತ್ರ ತಿಳಿಯದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಡಾಕ್ಟರರು ಶನಿವಾರ ಒಲೆ ಹಚ್ಚುವುದಿಲ್ಲ, ಹಲ್ಲೂ ಕೀಳುವುದಿಲ್ಲ ಎಂಬುದನ್ನು ನಾಲ್ಕು ವಾರ ಕಿಟಕಿಯಿಂದ ನೋಡಿ ಅತ್ತೆ ತೀರ್ಪು ಕೊಟ್ಟೇಬಿಟ್ಟರು: "ಹಣಮಪ್ಪನ ವಾರ ಹಿಡದಾರ!" ಅಂದಿನಿಂದ ಪ್ರತಿ ಶನಿವಾರ ನಮ್ಮ ಮನೆಯಿಂದ ಅವರಿಗೆ ಬಾಳೆಹಣ್ಣು, ಸಾಬೂದಾಣಿ ಖಿಚಡಿ.

ಮಾಂಸದಂಗಡಿಯ ಚಾಚಾ ಒಪ್ಪಲಿಲ್ಲ. "ಹಂದಿ ಮುಟ್ಟಂಗಿಲ್ಲ ಅವ್ರು. ನಮ್ಮವ್ರೇ ಅಮ್ಮಾ," ಎಂದು ಖೀಮಾ ಕಳಿಸುವರು. ಇಬ್ಬರ ವಾದಕ್ಕೂ ಡಾಕ್ಟರರು ತಲೆಯಾಡಿಸುವರು. ಪುಣ್ಯಾತ್ಮನಿಗೆ ಖಿಚಡಿಯೂ ಬೇಕು, ಖೀಮಾವೂ ಬೇಕು!

ಕೊನೆಗೆ ಅತ್ತೆ ತಡೆಯಲಾರದೆ ಕೇಳಿದರು. "ಸಾಹೇಬ್ರ, ಖರೇ ಹೇಳ್ರಿ. ನಿಮ್ಮ ಅಜ್ಜ ಯಾವ ಮಂದಿ?"

ಡಾಕ್ಟರರ ಮುಖ ಬಿಳಚಿಕೊಂಡಿತು. ಹರಕು ಕನ್ನಡದಲ್ಲಿ ಹೇಳಿದರು: "ಯಹೂದಿ, ಅಮ್ಮಾ. ನಮ್ಮ ದೇಶದಾಗ ಸರ್ಕಾರನೂ ಇದನ್ನೇ ಕೇಳ್ತದ. ಅದಕ್ಕೇ ನನ್ನ ದವಾಖಾನಿ ಹೋತು."

"ಯಾಕ್ರಿ, ಹಲ್ಲು ಸರಿ ಕೀಳ್ತಿದ್ದಿಲ್ಲೇನು?"

ಡಾಕ್ಟರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಿಳಿಸಿ ಹೇಳಿದರು: ಅಲ್ಲಿನ ಮುಂದಾಳುಗಳು ಕಟ್ಟೆ ಹತ್ತಿ, ದೇಶ ನಮ್ಮದು, ನಿಮ್ಮ ಕಷ್ಟಕ್ಕೆಲ್ಲ ಈ ಯಹೂದಿಗಳೇ ಕಾರಣ ಅನ್ನುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ.

"ಅವ್ರ ಬಾಯಾಗ ಹುಳಾ ಬೀಳ್ಲಿ! ಮೊದಲು ಅವ್ರ ಹಲ್ಲು ಕಿತ್ತು ಬರಬೇಕಿತ್ತು ನೀವು," ಎಂದರು ಅತ್ತೆ. ಖಿಚಡಿ ಮಾತ್ರ ನಿಲ್ಲಿಸಲಿಲ್ಲ. "ವಾರ ಅಂದ್ರ ವಾರಾನ ಅಲ್ಲೇನು?"

ಡಾಕ್ಟರರ ಅಕ್ಕ ಇನ್ನೂ ಅಲ್ಲೇ ಇದ್ದಳು. ಹುಮನಾಬಾದಿನಿಂದ ಟಪಾಲು ತರುವ ಬಸ್ಸಿಗಾಗಿ ಇವರು ದಿನಾ ಕಾಯುವರು. ಅಪರೂಪಕ್ಕೆ ಬಂದ ಕಾಗದದಲ್ಲಿ ಆಕೆಯದು ಒಂದೇ ಮಾತು: ಭಾಷಣ ಮಾಡುವವರು ಮಾಡಲಿ, ನನ್ನ ನೆರೆಯವರು ಒಳ್ಳೆಯವರು, ಮನೆ ಬಿಟ್ಟು ಬರುವುದಿಲ್ಲ.

ಅತ್ತೆಗೆ ಸಿಟ್ಟು ಬಂತು. "ಹಿತ್ತಲ ಕೋಣಿ ಖಾಲಿ ಅದ, ಸುಮ್ಮನ ಬಾ ಅಂತ ಬರೀರಿ!" ಡಾಕ್ಟರರು ಬರೆದರು. ಅತ್ತೆ ಕೋಣೆಗೆ ಸುಣ್ಣ ಬಳಿಸಿದರು. ಬರುವಾಕೆ ನಮ್ಮವಳೋ ನಿಮ್ಮವಳೋ ಎಂದು ಚಾಚಾನೊಂದಿಗೆ ಮುಂಗಡವೇ ಜಗಳವಾಡಿದರು.

ಆಮೇಲೆ ಕಾಗದ ಬರುವುದು ನಿಂತಿತು...

ಯುದ್ಧ ಮುಗಿದು ಬಹಳ ದಿನಕ್ಕೆ ಒಂದು ಬಂತು, ಬೇರೆ ಕೈಯ ಬರಹ. ಅಕ್ಕನನ್ನು ರೈಲಿಗೆ ತುಂಬಿ ಒಯ್ದರಂತೆ, ತಿರುಗಿ ಬರಲಿಲ್ಲವಂತೆ. ಬೀದಿಯವರು ಬಾಗಿಲಲ್ಲಿ ನಿಂತು ನೋಡಿದರಂತೆ. ಡಾಕ್ಟರರು ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟರು. ಅತ್ತೆ ಒಂದು ಕಡೆ, ಚಾಚಾ ಒಂದು ಕಡೆ ಕೂತರು. ಮುಂದಿನ ವರ್ಷ ಡಾಕ್ಟರರು ಮುಂಬಯಿಗೆ ಹೋದರು. ಈಗ ಅತ್ತೆ ಇಲ್ಲ, ಚಾಚಾ ಇಲ್ಲ, ಡಾಕ್ಟರರೂ ಇದ್ದಿರಲಾರರು.

ಇದನ್ನೆಲ್ಲ ಕೇಳಿದ ಮೊಮ್ಮಗಳು, "ಆ ಅಕ್ಕನ ಹೆಸರೇನಿತ್ತು ಅಜ್ಜಿ?" ಎಂದಳು.

ಎಷ್ಟು ತಿಣುಕಿದರೂ ನೆನಪಾಗಲಿಲ್ಲ... ಆಮೇಲೆ ಹೊಳೆಯಿತು. ಅವಳಿಗಾಗಿ ಕೋಣೆಗೆ ಸುಣ್ಣ ಬಳಿಸಿದ ನಾವು ಯಾರೂ ಅದನ್ನು ಕೇಳಿರಲೇ ಇಲ್ಲ.