ಇಡ್ಲಿ ತಟ್ಟೆಯಲ್ಲಿ ಬೆಂದ ಬಣ್ಣ

ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣವಿರುತ್ತಿತ್ತು. ಹೆಬ್ಬೆರಳಲ್ಲಿ ನೀಲಿ, ತೋರುಬೆರಳಲ್ಲಿ ಹಳದಿ, ಕಿರುಬೆರಳಲ್ಲಿ ಎಂಥದೋ ಕೆಸರು ಹಸಿರು. ಮೊದಲ ಸಲ ನಾನು ನೋಡಿದ್ದು ಆ ಉಗುರುಗಳನ್ನೇ, ಮುಖವನ್ನಲ್ಲ. ಪೋಲಿಯೊ ಹನಿ ಹಾಕಿಸಿದ್ದೀರಾ ಎಂದು ಮನೆಮನೆಗೆ ಬಂದು ಕೇಳುವ ವಾರ. ಬಾಗಿಲು ತೆರೆದರೆ ಸೀಮೆಸುಣ್ಣ ಹಿಡಿದ ಆ ಕೈ ಗೋಡೆಯ ಮೇಲೆ ಗುರುತು ಹಾಕಲು ಸಿದ್ಧವಾಗಿತ್ತು.

ಬ್ಯಾಟರಾಯನಪುರದ ನಮ್ಮ ಬೀದಿಯ ಕೊನೆಯಲ್ಲಿರುವ ಅಂಗನವಾಡಿಯ ಟೀಚರ್ ಅವರು. ದಿನಾ ಚಿಕ್ಕಜಾಲದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾವು ಎರಡು ವರ್ಷದಿಂದ ಆ ಬೀದಿಯಲ್ಲಿದ್ದರೂ ಅವರನ್ನು ನಾನು ಮಾತನಾಡಿಸಿರಲಿಲ್ಲ.

ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ಮಾತು ಬೇಕಿರಲಿಲ್ಲ. ಮಗಳನ್ನು ಎಲ್‌ಕೆಜಿಗೆ ಸೇರಿಸಲು ಹೋದ ಶಾಲೆಯಲ್ಲಿ ಸೇಬಿನ ಚಿತ್ರ ಕೊಟ್ಟು ಬಣ್ಣ ತುಂಬು ಎಂದಿದ್ದರು. ಅವಳ ಕೈಯಿಂದ ಕ್ರೇಯಾನ್ ಮೂರು ಸಲ ಜಾರಿ ಬಿತ್ತು. "ಮುಂದಿನ ವರ್ಷ ನೋಡೋಣ" ಎಂದು ನಗುತ್ತಲೇ ಕಳಿಸಿದರು. ಏಳು ತಿಂಗಳಿಗೇ ಹುಟ್ಟಿದ ಕೂಸು ಅವಳು. ಬೆರಳಿಗೆ ಬಲ ನಿಧಾನವಾಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು, ಎಷ್ಟು ನಿಧಾನ ಎಂದು ಹೇಳಿರಲಿಲ್ಲ. ಮನೆಗೆ ಬಂದು ನಾನು ಅವಳನ್ನು ದಿನಾ ಕೂರಿಸಿಕೊಂಡು, ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದಂತೆ ಮೂರು ಬೆರಳಲ್ಲಿ ಹಿಡಿ, ಮೂರು ಬೆರಳಲ್ಲಿ ಹಿಡಿ ಎನ್ನುತ್ತಿದ್ದೆ. ಕ್ರೇಯಾನುಗಳು ಮುರಿಯುತ್ತಿದ್ದವು. ಅವಳು ಈಗೀಗ ಡಬ್ಬಿ ಕಂಡರೇ ಸೋಫಾದ ಹಿಂದೆ ಅಡಗುತ್ತಿದ್ದಳು.

ಬಾಗಿಲಲ್ಲಿದ್ದ ಟೀಚರ್ ಕಣ್ಣು ಕಸದ ಮೊರದಲ್ಲಿದ್ದ ಕ್ರೇಯಾನ್ ಚೂರುಗಳ ಮೇಲೆ ಬಿತ್ತು. "ಎಸೆಯಕ್ಕಾ ಮೇಡಂ? ನಂಗೆ ಕೊಡಿ."

"ಬರೀ ಮುರಿದ ಚೂರು ಟೀಚರ್. ಏನ್ ಮಾಡ್ತೀರಾ?"

"ಇಡ್ಲಿ ಮಾಡ್ತೀನಿ."

ನಾನು ನಕ್ಕೆ. ಅವರು ನಗಲಿಲ್ಲ. ಚೂರುಗಳನ್ನು ಕರಗಿಸಿ ದಪ್ಪ ಕ್ರೇಯಾನ್ ಮಾಡುತ್ತಾರಂತೆ. "ನೇರ ಉರಿ ಮೇಲೆ ಮಾತ್ರ ಇಡಬ್ಯಾಡಿ. ಮೇಣ ಅಂದ್ರೆ ಎಣ್ಣೆ ಇದ್ದಂಗೆ. ಹತ್ಕೊಂಡ್ರೆ ನೀರು ಉಯ್ಯಬ್ಯಾಡಿ, ಮುಚ್ಚಿಬುಡಿ" ಎನ್ನುತ್ತಾ ಸೆರಗು ಸರಿಸಿ ಮೊಣಕೈ ಕೆಳಗಿನ ಬಿಳಿ ಕಲೆ ತೋರಿಸಿದರು. "ಇದು ನನ್ನ ಮೊದಲ್ನೇ ಪಾಠ."

ನಾನು ಅರ್ಧ ಕೇಳಿಸಿಕೊಂಡೆ. ಮರುದಿನ, ಇಷ್ಟೇ ಇಷ್ಟು ಮೇಣಕ್ಕೆ ಅಷ್ಟೆಲ್ಲ ಏಕೆ ಎಂದು, ಅವರಿಗೆ ಕೊಟ್ಟು ಉಳಿದ ನಾಲ್ಕು ಕೆಂಪು ಚೂರುಗಳನ್ನು ಒಗ್ಗರಣೆ ಸೌಟಿಗೆ ಹಾಕಿ ಗ್ಯಾಸಿನ ಮೇಲೆ ಹಿಡಿದೆ. ಒಂದು ನಿಮಿಷ ಚೆಂದವಾಗಿ ಕರಗಿತು. ಆಮೇಲೆ ಹೊಗೆ. ಆಮೇಲೆ ಸೌಟಿನ ಅಂಚಿಗೇ ಬೆಂಕಿ. ಸೌಟನ್ನು ಒಲೆಯ ಮೇಲೇ ಬಿಟ್ಟು ಪಕ್ಕದ ನೀರಿನ ಚೊಂಬಿಗೆ ಕೈ ಹಾಕಿದವಳಿಗೆ ಆ ಬಿಳಿ ಕಲೆ ನೆನಪಾಯಿತು. ಗ್ಯಾಸ್ ಆರಿಸಿ ಮೇಲೊಂದು ಸ್ಟೀಲ್ ತಟ್ಟೆ ಮುಚ್ಚಿದೆ. ತಿರುಗಿ ನೋಡಿದರೆ ಮಗಳು ಅಡುಗೆಮನೆ ಬಾಗಿಲಲ್ಲಿ, ನನ್ನಿಂದ ಎರಡೇ ಹೆಜ್ಜೆ ಹಿಂದೆ ನಿಂತಿದ್ದಳು.

ಕಪ್ಪಾದ ಸೌಟು ಹಿಡಿದು, ಅವಳನ್ನೂ ಕರೆದುಕೊಂಡು ಮಧ್ಯಾಹ್ನ ಅಂಗನವಾಡಿಗೆ ಹೋದೆ. ಸೌಟು ನೋಡಿ ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಏನ್ ಮೇಡಂ, ಒಗ್ಗರಣೆ ಹಾಕಕ್ಕೆ ಹೋದ್ರಾ? ಸಾಸಿವೆ ಸಿಡೀತಾ?"

ಮಕ್ಕಳು ಮನೆಗೆ ಹೋದ ಮೇಲೆಯೇ ಅವರು ಒಲೆ ಹಚ್ಚುತ್ತಿದ್ದುದು. ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದರು. "ಪುಟ್ಟಿ, ನೀನು ಆ ಕಡೆ. ಗೆರೆ ದಾಟಿದ್ರೆ ಒಲೆ ಆರಿಸಿಬಿಡ್ತೀನಿ, ಅಷ್ಟೇಯ." ಕಿಟಕಿ ತೆರೆದರು. ಬೆಚ್ಚಗಿನ ನೀರಲ್ಲಿ ನೆನೆದ ಚೂರುಗಳ ಕಾಗದ ಸುಲಿದು, ಒರೆಸಿ, ಬಣ್ಣಕ್ಕೊಂದು ಗುಳಿಯಂತೆ ತೂತಿಲ್ಲದ ಇಡ್ಲಿ ತಟ್ಟೆಯಲ್ಲಿ ತುಂಬಿದರು. ಅಡುಗೆಗೆ ತಿರುಗಿ ಹೋಗದ ಹಾಗೆ ತಟ್ಟೆಯ ಅಂಚಿಗೆ ಕೆಂಪು ಪೇಂಟ್ ಬಳಿದಿತ್ತು. ಕೆಳಗೆ ನೀರು, ಸಣ್ಣ ಉರಿ, ಆವಿ ತೊಟ್ಟಿಕ್ಕದಂತೆ ಮುಚ್ಚಳದೊಳಗೆ ಬಟ್ಟೆ. ಕರಗುವವರೆಗೆ ಅಲ್ಲಿಂದ ಅಲ್ಲಾಡಲಿಲ್ಲ. ಬಾಗಿಲ ಬಳಿ ಯಾರೋ ಕರೆದರೂ "ಒಲೆ ಮುಂದೆ ಇದೀನಿ, ಆಮೇಲೆ ಬಾರಮ್ಮ" ಎಂದರು.

ಪೂರ್ತಿ ಆರಿದ ಮೇಲೆ ಒಂದು ಕೆಂಪು ಇಡ್ಲಿಯನ್ನು ಮಗಳ ಕೈಗಿಟ್ಟರು. ಅದು ಅವಳ ಅಂಗೈ ತುಂಬ ಕೂತಿತು. ಮುಷ್ಟಿಯಲ್ಲಿ ಹಿಡಿದು, ನೆಲದ ಮೇಲೇ, ಬಿಳಿ ಗೆರೆಯ ಪಕ್ಕದಲ್ಲೇ ಒಂದು ಕೆಂಪು ಗೆರೆ ಎಳೆದಳು. ಬೀಳಲಿಲ್ಲ. ಇನ್ನೊಂದು ಎಳೆದಳು.

"ಹಾಗಲ್ಲ ಚಿನ್ನ, ಮೂರು ಬೆರಳಲ್ಲಿ..." ನನ್ನ ಬಾಯಿ ಸುಮ್ಮನಿರಲಿಲ್ಲ.

"ಬುಡಿ ಮೇಡಂ" ಎಂದರು ಟೀಚರ್, ಮೆಲ್ಲಗೆ. "ಮೊದ್ಲು ಮಗೂಗೆ ಆಸೆ ಬರ್ಲಿ. ಬೆರಳು ಎಲ್ಲಿಗೆ ಹೋಯ್ತವೆ?"

ಅಂದಿನಿಂದ ವಾರಕ್ಕೊಮ್ಮೆ ನಾವಿಬ್ಬರೂ ಅಲ್ಲಿ. ಅಕ್ಕಪಕ್ಕದ ಫ್ಲ್ಯಾಟುಗಳಿಂದ ಚೂರುಗಳನ್ನು ನಾನು ತರುತ್ತಿದ್ದೆ, ಕಾಗದ ಸುಲಿಯುವುದು ಮಗಳ ಕೆಲಸ. ಅದೂ ಬೆರಳಿಗೆ ವ್ಯಾಯಾಮವೆಂದು ಆಗ ನನಗೆ ಹೊಳೆದಿರಲಿಲ್ಲ. ಹೋಗುವಾಗ ಟೀಚರ್ ಅವಳಿಗೊಂದು ಹೊಸ ಕ್ರೇಯಾನ್ ಕೊಡುತ್ತಿದ್ದರು. ಕೆಲವು ತಿಂಗಳ ಮೇಲೆ ಇಡ್ಲಿಯಾಕಾರ ಹೋಯಿತು. ಕೈ ತಡೆಯುವಷ್ಟು ಆರಿದ ಮೆತ್ತನೆ ಮೇಣವನ್ನು ಕೋಡುಬಳೆಯಂತೆ ಹೊಸೆದು ಕೊಡತೊಡಗಿದರು. ಮುಂದಿನ ವರ್ಷ ಅದೇ ಶಾಲೆಯಲ್ಲಿ ಅದೇ ಸೇಬು. ಮಗಳು ಅದಕ್ಕೆ ನೀಲಿ ತುಂಬಿದಳು. ಕ್ರೇಯಾನ್ ಬೀಳಲಿಲ್ಲ.

ಈಗ ಅವಳು ಮೂರನೇ ಕ್ಲಾಸು. ಟೀಚರ್ ನಿವೃತ್ತರಾಗಿ ಚಿಕ್ಕಜಾಲದಲ್ಲೇ ಇದ್ದಾರೆ. ಹೋಗುವಾಗ ಆ ಇಡ್ಲಿ ತಟ್ಟೆಗಳನ್ನು ನನಗೆ ಕೊಟ್ಟು "ಇದ್ರಲ್ಲಿ ಇಡ್ಲಿ ಮಾತ್ರ ಮಾಡ್ಬ್ಯಾಡಿ" ಎಂದಿದ್ದರು. ಈಗ ಅಂಗನವಾಡಿಯಲ್ಲಿ ಗೆರೆ ಎಳೆಯುವವಳು ನಾನು.

ಹೋದ ತಿಂಗಳು ಮಗಳ ಕಪಾಟು ತೆಗೆಯುವಾಗ ಹಳೆಯ ಬಿಸ್ಕತ್ ಡಬ್ಬಿ ಸಿಕ್ಕಿತು. ಟೀಚರ್ ಕೊಟ್ಟ ಕ್ರೇಯಾನುಗಳಲ್ಲಿ ಉಳಿದವನ್ನೆಲ್ಲ ಅವಳು ಅದರಲ್ಲಿ ಕೂಡಿಟ್ಟಿದ್ದಳು. ಸುಮ್ಮನೆ ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಜೋಡಿಸಿದೆ. ಇಡ್ಲಿಯ ಪಕ್ಕ ಅರ್ಧ ಇಡ್ಲಿ, ಅದರ ಪಕ್ಕ ಹೆಬ್ಬೆರಳು ಗಾತ್ರದ್ದು, ಆಮೇಲೆ ಕಿರುಬೆರಳಿನದು, ಕೊನೆಯದು ಪೆನ್ಸಿಲ್‌ಗಿಂತ ಒಂದು ಕೂದಲು ದಪ್ಪ. ನಾನು ಅಲ್ಲೇ ನೆಲದ ಮೇಲೆ ಕೂತೆ. ಆಮೇಲೆ ಫೋನ್ ಮಾಡಿದೆ.

"ಟೀಚರ್, ಬೇಕಂತಲೇ ಸಣ್ಣ ಮಾಡ್ತಾ ಬಂದ್ರಾ?"

"ಅಯ್ಯೋ, ಅಂಗೇನಿಲ್ಲ ಕಣಮ್ಮ. ಮೇಣ ಕಮ್ಮಿ ಬಿದ್ದಿತ್ತು."

ಮೇಣ ಯಾವತ್ತೂ ಕಮ್ಮಿ ಬಿದ್ದಿರಲಿಲ್ಲ. ಚೀಲ ತುಂಬಿ ತಂದು ಕೊಡುತ್ತಿದ್ದವಳು ನಾನೇ.